ಸಾವಿನ ಮನೆಯಲ್ಲಿ ಭಾಷಣ ಬೇಡ

ಗೆಳೆಯರೆ, ಮೊದಲು ನಮ್ಮ ತಪ್ಪನ್ನು ನಾವೇ ಹೇಳಿಬಿಡುತ್ತೇವೆ.

ನಮ್ಮ ಕೇರಿಯ ಗಾರೆ ಕೆಲಸದ ಹುಡುಗನೊಬ್ಬ ಬೆಂಗಳೂರಿನಲ್ಲಿ ಸಾರುವೆಯಿಂದ ಬಿದ್ದು ಸತ್ತ. ಹೆಣ ಊರಿಗೆ ಬರುವ ಹೊತ್ತಿಗೆ ನಾವು ನಾಲ್ಕು ಜನ ಡಿಗ್ರಿ ಮುಗಿಸಿದವರು ಬಾಬಾಸಾಹೇಬರ ಫೋಟೋ ಹಿಡಿದು ನಿಂತಿದ್ದೆವು. ಹಲಗೆ ಬೇಡ ಎಂದೆವು. ದಾಸಯ್ಯನ ಶಂಖ ಜಾಗಟೆ ಬೇಡ ಎಂದೆವು. ಹಾಲುತುಪ್ಪ, ತಿಥಿ ಎಲ್ಲ ಪುರೋಹಿತಶಾಹಿ ಎಂದು ಬಾಗಿಲಲ್ಲೇ ವಾದಕ್ಕೆ ನಿಂತೆವು. ಹುಡುಗನ ಅವ್ವ ತಲೆ ಎತ್ತಿದಳು.

"ಓದಿರೋ ಮಕ್ಳು ನೀವು, ನಿಮ್ ಮಾತು ಸರಿನೇ ಇರ್ಬೋದು ಕಣ್ರಪ್ಪ. ನನ್ ಮಗ ಹಸ್ಕಂಡು ಹೋಗವ್ನೆ. ಗುಡ್ಡೆ ಮ್ಯಾಲೆ ಒಂದ್ ತೊಟ್ಟು ಹಾಲು ಬುಟ್ರೆ ನಿಮ್ ಅಂಬೇಡ್ಕರಪ್ಪ ಬೈತಾನಾ?"

ನಮ್ಮಲ್ಲೊಬ್ಬ "ಬೈತಾರೆ" ಅಂದುಬಿಟ್ಟ. ಆಮೇಲೆ ಅವಳು ನಮ್ಮ ಜೊತೆ ಮಾತಾಡಲಿಲ್ಲ.

ನಿಜವಾಗಿ ಬೈಯುತ್ತಿದ್ದರೆ? ಅವರ ಹೆಸರಲ್ಲಿ ಜಗಳ ತೆಗೆಯುವ ನಾವು ಅವರ ಬದುಕನ್ನು ಓದಿದ್ದೇವೆಯೆ? 1927ರಲ್ಲೇ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟವರು ಅವರು. 1935ರ ಮೇ 27ರಂದು ರಮಾಬಾಯಿ ತೀರಿಕೊಂಡಾಗ ಅಂತ್ಯಕ್ರಿಯೆ ಹಿಂದೂ ಪದ್ಧತಿಯಲ್ಲೇ ನಡೆಯಿತೆಂದು ಧನಂಜಯ ಕೀರ್ ಬರೆದ ಜೀವನಚರಿತ್ರೆ ಹೇಳುತ್ತದೆ. ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲೆಯಲ್ಲಿ ಸಾರಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬ ಪ್ರತಿಜ್ಞೆಯನ್ನು ಜನರಿಗೆ ಬೋಧಿಸಿದ್ದು 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ. ನಡುವೆ ಇಪ್ಪತ್ತೊಂದು ವರ್ಷ. ಅಷ್ಟು ದಾರಿಯನ್ನು ಒಬ್ಬ ತಾಯಿ ಮಗನ ಹೆಣದ ಮುಂದೆ ಅರ್ಧ ಗಂಟೆಯಲ್ಲಿ ನಡೆದು ಮುಗಿಸಬೇಕೆಂದು ನಾವು ಹಟ ಹಿಡಿದೆವು!

ಇನ್ನೊಂದು ಮಾತು. ನಾವು ವಾದ ಮಾಡುತ್ತಿದ್ದಾಗಲೇ ಮೇಸ್ತ್ರಿ ಬಂದು ಸತ್ತವನ ಅಪ್ಪನ ಕೈಗೆ ಒಂದಿಷ್ಟು ನೋಟು ತುರುಕಿ, ಹಾಳೆಯೊಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಓದು ಬಲ್ಲ ನಾಲ್ವರಲ್ಲಿ ಒಬ್ಬರೂ ಆ ಹಾಳೆ ಓದಲಿಲ್ಲ. ಕೆಲಸದಲ್ಲಿ ಸತ್ತವನ ಮನೆಯವರಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಿಂದ ಇದೆ. ಆ ಮನೆಗೆ ನಮ್ಮ ಓದು ಬೇಕಿದ್ದದ್ದು ಅಲ್ಲಿ.

ಹಾಗಾದರೆ ಮೌಢ್ಯಕ್ಕೆ ತಲೆ ಬಾಗಬೇಕೆ? ಇಲ್ಲ. ತಿಥಿಗೆಂದು ಬಡ್ಡಿಸಾಲ ತಂದು, ಬದುಕಿರುವವರು ವರ್ಷಗಟ್ಟಲೆ ಜೀತ ಮಾಡಿ ತೀರಿಸುವುದನ್ನು ನಾವು ಒಪ್ಪುವುದಿಲ್ಲ. ಊರ ಧಣಿ ಸತ್ತರೆ ನಮ್ಮಪ್ಪ ಹಲಗೆ ಬಡಿಯಬೇಕು, ಗುಂಡಿ ತೋಡಬೇಕು, ಸಾವಿನ ಸುದ್ದಿ ಹೊತ್ತು ಊರೂರು ಓಡಬೇಕು ಅನ್ನುವುದನ್ನು ಎಂದೆಂದಿಗೂ ಒಪ್ಪುವುದಿಲ್ಲ. ವಂಶಪಾರಂಪರ್ಯದ ತೋಟಿ ತಳವಾರಿಕೆ 1961ರ ಕಾಯ್ದೆಯಲ್ಲೇ ರದ್ದಾಗಿದೆ. ನಮ್ಮಿಂದ ಗುಂಡಿ ತೋಡಿಸುವುದು ದೌರ್ಜನ್ಯವೆಂದು 2015ರ ತಿದ್ದುಪಡಿ ಹೇಳಿದೆ. ಆದರೂ ಎಷ್ಟೋ ಊರುಗಳಲ್ಲಿ ಕರೆ ಬರುತ್ತಲೇ ಇದೆ. ನಮ್ಮ ಗಂಟಲು ಅಲ್ಲಿ ಏರಲಿ. ನಮ್ಮ ಸತ್ತವನಿಗಾಗಿ ಅವನ ಸೋದರಮಾವ ಅಳುತ್ತಾ ಬಡಿದ ಹಲಗೆಗೂ, ಧಣಿಯ ಬಾಗಿಲಲ್ಲಿ ಬಿಟ್ಟಿ ಬಡಿದ ಹಲಗೆಗೂ ವ್ಯತ್ಯಾಸ ತಿಳಿಯದಿದ್ದರೆ ನಾವು ಓದಿದ್ದೇನು?

ಅವನ ಅಣ್ಣ ಬೌದ್ಧ, ಅವ್ವ ಮಾರಮ್ಮನ ಒಕ್ಕಲು. ಇಬ್ಬರಿಗೂ ಅವನು ಸತ್ತಿದ್ದಾನೆ. ಅಣ್ಣ ತ್ರಿಶರಣ ಹೇಳಲಿ, ಅವ್ವ ಹಾಲು ಬಿಡಲಿ. ನಂಬದವರು ಕೈ ಮುಗಿಯಬೇಕಿಲ್ಲ, ಚಟ್ಟಕ್ಕೆ ಹೆಗಲು ಕೊಡಲಿ. ಖರ್ಚಿನ ಮಾತು, ದೇವರ ಮಾತು ಎಲ್ಲ ಆಡೋಣ. ಆ ಮನೆಯಲ್ಲಿ ಮತ್ತೆ ಒಲೆ ಹೊತ್ತಿದ ಮೇಲೆ, ಅವರು ಕರೆದು ಕೂರಿಸಿಕೊಂಡಾಗ.

ಹನ್ನೊಂದನೆಯ ದಿನ ಮತ್ತೆ ಹೋದೆವು. ಎಡೆ ಇಟ್ಟಾಗ ನಾವು ಹಿಂದೆ ಕೂತಿದ್ದೆವು, ಕೈ ಮುಗಿಯಲಿಲ್ಲ. ಅವಳೂ ಮುಗೀರಿ ಅನ್ನಲಿಲ್ಲ. "ಬೈತಾರೆ" ಅಂದಿದ್ದವನು ತಪ್ಪಾಯ್ತವ್ವ ಅಂದ. ಅವಳು ಏನೂ ಹೇಳದೆ ಒಳಗೆ ಹೋಗಿ, ಮಗನ ಪ್ಲಾಸ್ಟಿಕ್ ಚೀಲ ತಂದು ನಮ್ಮ ಮುಂದೆ ಸುರಿದಳು: ಆಧಾರ್ ಕಾರ್ಡು, ಆಸ್ಪತ್ರೆ ಚೀಟಿ, ಕೂಲಿ ಲೆಕ್ಕ ಬರೆದಿಟ್ಟ ಪುಸ್ತಕ.

"ಇದ್ನ ಓದ್ರಪ್ಪ" ಅಂದಳು.

ಓದಿದೆವು. ಅರ್ಜಿ ಬರೆದೆವು.