ತೋಟದ ಪ್ಲಾಸ್ಟಿಕ್ಕೂ ಕಡಲ ಮೀನೂ



ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಬ್ಯಾಂಡನ್ ಎಂಬ ಚಿಕ್ಕ ಊರು ಕಡಲ ಬದಿಯಲ್ಲಿದೆ. ಅಲ್ಲಿ ಆಂಜೆಲಾ ಹೇಸೆಲ್ಟೈನ್ ಪೊಜ್ಜಿ ಎಂಬ ಕಲಾ ಶಿಕ್ಷಕಿ 2010ರಲ್ಲಿ ಒಂದು ಕೆಲಸ ಆರಂಭಿಸಿದರು. ದಡಕ್ಕೆ ಬಂದು ಬಿದ್ದ ಪ್ಲಾಸ್ಟಿಕನ್ನು ಊರವರೊಂದಿಗೆ ಹೆಕ್ಕಿ, ತೊಳೆದು, ಬಣ್ಣಕ್ಕೆ ತಕ್ಕಂತೆ ವಿಂಗಡಿಸಿ, ಅದರಿಂದಲೇ ದೊಡ್ಡ ದೊಡ್ಡ ಮೀನು, ಹಕ್ಕಿಗಳನ್ನು ಕಟ್ಟಿ ನಿಲ್ಲಿಸಿದರು. ದೂರದಿಂದ ನೋಡಿದರೆ ಚಂದದ ಮೀನು. ಹತ್ತಿರ ಹೋದರೆ ಬಾಟಲಿ, ಮುಚ್ಚಳ, ಚಪ್ಪಲಿ, ಹಗ್ಗ. ಯಾರೂ ಉಪದೇಶ ಮಾಡಬೇಕಾಗಿಲ್ಲ; 'ಇದರಲ್ಲಿ ನನ್ನ ಪಾಲೂ ಇದೆ' ಎಂದು ನೋಡಿದವರಿಗೇ ತಿಳಿಯುತ್ತದೆ.

'ಕಡಲಿನ ವಿಚಾರ ಮೀನುಗಾರರಿಗೆ ಸೇರಿದ್ದು, ತೋಟದವರಿಗೇಕೆ ಫಾದರ್?' ಎಂದು ನೀವು ಕೇಳಬಹುದು. ಕೊಳೆರೋಗಕ್ಕೆಂದು ಅಡಿಕೆ ಗೊನೆಗೆ ಕಟ್ಟಿದ ಪ್ಲಾಸ್ಟಿಕ್, ರಬ್ಬರ್ ಮರಕ್ಕೆ ಮಳೆಗಾಲದಲ್ಲಿ ಸುತ್ತಿದ ಹಾಳೆ, ಗೊಬ್ಬರದ ಚೀಲ ತೋಟದಲ್ಲೇ ಬಿದ್ದಿದ್ದರೆ ಆಟಿಯ ಮಳೆಗೆ ತೋಡಿಗೆ ಇಳಿಯುತ್ತವೆ. ತೋಡು ಪಯಸ್ವಿನಿಗೆ, ಪಯಸ್ವಿನಿ ಚಂದ್ರಗಿರಿಯಾಗಿ ಕಾಸರಗೋಡಿನ ಕಡಲಿಗೆ. ಅಲ್ಲಿ ಅವು ಕೊಳೆಯುವುದಿಲ್ಲ, ಚೂರುಚೂರಾಗುತ್ತವೆ. ಆ ಚೂರನ್ನು ಮೀನು ನುಂಗುತ್ತದೆ. ಸುಟ್ಟುಬಿಡೋಣವೆಂದರೆ, ಪಿವಿಸಿಯಂಥವು ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹೊಗೆಯೊಂದಿಗೆ ಹರಡುತ್ತದೆ.

ಪೋಪ್ ಫ್ರಾನ್ಸಿಸರು 2015ರ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದು, ಅದು ಕಸದ ರಾಶಿಯಾಗುತ್ತಿದೆ ಎಂದು ಎಚ್ಚರಿಸಿದರು. ನಾನೂ ಈ ಬಗ್ಗೆ ಪ್ರಸಂಗ ಮಾಡಿದ್ದೇನೆ. ಎಲ್ಲರೂ ತಲೆದೂಗಿದಿರಿ, ತೋಡು ಮಾತ್ರ ಹಾಗೆಯೇ ಇದೆ. ಕಿವಿಗೆ ಬಿದ್ದದ್ದು ಇಗರ್ಜಿಯ ಮೆಟ್ಟಿಲಿಳಿಯುವಾಗ ಮರೆಯುತ್ತದೆ, ಕಣ್ಣಿಗೆ ಬಿದ್ದದ್ದು ಮನೆಯವರೆಗೂ ಬರುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಈ ಕ್ರಿಸ್ಮಸ್‌ಗೆ ಗೋದಲಿಗೆಂದು ಥರ್ಮಕೋಲ್ ತರುವುದು ಬೇಡ, ಅದೂ ಪ್ಲಾಸ್ಟಿಕ್ಕೇ. ಪ್ರತಿ ವಾಳೆಯ ಯುವಜನರು ತಮ್ಮ ತೋಡಿನ ಬದಿಯ ಚೀಲ, ಬಾಟಲಿ, ಚಪ್ಪಲಿಗಳನ್ನು ಹೆಕ್ಕಿ ತರಲಿ. ಕೀಟನಾಶಕದ ಡಬ್ಬಿಗಳನ್ನು ಮಾತ್ರ ಮಕ್ಕಳು ಮುಟ್ಟಬಾರದು. ತೊಳೆದ ಕಸದಿಂದ ಗೋದಲಿಯ ಬಳಿ ಒಂದು ದೊಡ್ಡ ಮೀನು ಕಟ್ಟೋಣ.

ಇಷ್ಟರಿಂದ ಕಡಲು ಶುದ್ಧವಾದೀತೇ? ಖಂಡಿತ ಇಲ್ಲ. ಆದರೆ ತನ್ನದೇ ಗೊಬ್ಬರದ ಚೀಲವನ್ನು ಮೀನಿನ ಹೊಟ್ಟೆಯಲ್ಲಿ ಕಂಡವನು ಮರುದಿನ ಅದನ್ನು ತೋಡಿನ ಬದಿಯಲ್ಲಿ ಬಿಡಲಾರ. ಹಬ್ಬ ಮುಗಿದ ಮೇಲೆ ಮೀನನ್ನು ಬಿಚ್ಚಿ ಹರಿತ ಕರ್ಮ ಸೇನೆಯವರಿಗೆ ಒಪ್ಪಿಸೋಣ. ಮುಂದಿನ ವರ್ಷ ಮೀನು ಕಟ್ಟಲು ಕಸವೇ ಸಾಲದೆ ಹೋಗಲಿ ಎಂದು ಈಗಿನಿಂದಲೇ ಪ್ರಾರ್ಥಿಸೋಣ.