ಖಾತರಿಯ ಕಾಗದವನ್ನು ಓದುವ ಬಗೆ



ನಮ್ಮ ಹಿರಿಯರು ಎತ್ತು ಕೊಳ್ಳಲು ಜಾತ್ರೆಗೆ ಹೋದರೆ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು. ಬಳಿಕ ಸುಳಿ ನೋಡುತ್ತಿದ್ದರು, ಗೊರಸು ಒತ್ತಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಮಾರುವವನು ಎತ್ತಿನ ವಯಸ್ಸನ್ನು ಬಾಯಿಮಾತಿನಲ್ಲಿ ಏನೇ ಹೇಳಲಿ, ಅವರು ನಂಬುತ್ತಿದ್ದುದು ಹಲ್ಲನ್ನು ಮಾತ್ರ. ಇಂದಿನ ವಾಹನಗಳಿಗೆ ಹಲ್ಲಿಲ್ಲ. ಅವುಗಳ ವಯಸ್ಸು ಕಾಗದದಲ್ಲಿದೆ. ಆ ಕಾಗದವನ್ನು ಓದದೆ ಹೋದುದರಿಂದ ನಮ್ಮ ಮನೆಯಲ್ಲಿಯೇ ಒದಗಿದ ನಷ್ಟವೊಂದನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಈ ಪತ್ರಿಕೆಯನ್ನು ತರಿಸುವ ಅನೇಕ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಹೋದ ಹೊಸತರಲ್ಲಿ ಹಳೆಯ ಕಾರನ್ನೇ ಕೊಳ್ಳುತ್ತಾರೆ. ಆದುದರಿಂದ ಇದು ಒಬ್ಬರ ಮನೆಯ ಮಾತಾಗಿ ಉಳಿಯಬೇಕಾಗಿಲ್ಲ.

ನನ್ನ ತಂಗಿಯ ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾನೆ. 2021ರ ಬೇಸಿಗೆಯಲ್ಲಿ ಅವನು 2012ರ ಮಾದರಿಯ ಟೊಯೋಟಾ ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಒಬ್ಬ ಹಳೆ ಕಾರಿನ ವ್ಯಾಪಾರಿಯಿಂದ ಕೊಂಡನು. "ಈ ರಾಜ್ಯದಲ್ಲಿ ಬ್ಯಾಟರಿಗೆ ಹತ್ತು ವರ್ಷದ ಖಾತರಿ ಇದೆ, ಇದು 2012ರ ಕಾರು, 2022ರವರೆಗೆ ನಿಶ್ಚಿಂತೆ" ಎಂದು ವ್ಯಾಪಾರಿ ಹೇಳಿದನಂತೆ. ಹುಡುಗ ನಂಬಿದನು. ಆ ವರ್ಷದ ನವೆಂಬರದಲ್ಲಿ ಒಂದು ಸಂಜೆ ಕಾರಿನ ಮುಂಫಲಕದಲ್ಲಿ ಕೆಂಪು ತ್ರಿಕೋನದ ದೀಪ ಹತ್ತಿತು, ಮರುದಿನ ಆರಿತು. ಆರಿದುದರಿಂದ ಅವನು ಸುಮ್ಮನಾದನು. 2022ರ ಜನವರಿ ಎರಡನೆಯ ವಾರದಲ್ಲಿ ಅದೇ ದೀಪ ಮತ್ತೆ ಹತ್ತಿತು, ಆರಲಿಲ್ಲ. ಕಂಪನಿಯ ಅಧಿಕೃತ ಕಾರ್ಯಾಗಾರದಲ್ಲಿ ಕಾರಿನ ಗುರುತಿನ ಸಂಖ್ಯೆಯನ್ನು ಗಣಕಕ್ಕೆ ಕೊಟ್ಟು ನೋಡಿದಾಗ, ಆ ಕಾರು ಮೊದಲ ಒಡೆಯನ ಕೈಸೇರಿದ್ದು 2011ರ ಡಿಸೆಂಬರದಲ್ಲಿ ಎಂದು ತಿಳಿಯಿತು. ಹತ್ತು ವರ್ಷಗಳು ಕೆಲವೇ ವಾರಗಳ ಹಿಂದೆ ಮುಗಿದಿದ್ದವು.

ಎರಡು ವರ್ಷಗಳಿಂದ ಮಹಾಮಾರಿಯ ಕಾರಣದಿಂದ ಊರಿಗೆ ಬಾರದಿದ್ದ ಅವನು ತಂದೆತಾಯಿಗಳನ್ನು ಕಾಣಲೆಂದು ಕೂಡಿಟ್ಟಿದ್ದ ವಿಮಾನದ ಹಣ ಬ್ಯಾಟರಿಗೆ ಹೋಯಿತು. ನನ್ನ ತಂಗಿ ದೂರವಾಣಿಯಲ್ಲಿ, "ಅಣ್ಣಾ, ಈ ವರ್ಷಾನೂ ಅವನು ಬರೂದಿಲ್ಲಂತ" ಎಂದಷ್ಟೇ ಹೇಳಿ ಮೌನವಾದಳು. ಕೆಲವು ದಿನಗಳ ಮೇಲೆ ಅಳಿಯನೇ ಮಾತಾಡಿದ: "ಮಾಮಾ, ಮಾದರಿ ವರ್ಷ ನೋಡಿದೆ, ತಾರೀಖು ನೋಡಲಿಲ್ಲ. ತಪ್ಪು ನಂದೇ." ತಪ್ಪು ಅವನದೊಬ್ಬನದೇ ಅಲ್ಲ. ಖಾತರಿಯ ಪುಸ್ತಿಕೆಯನ್ನು ತರಿಸಿಕೊಂಡು ನಾನೂ ಓದಿದೆ. ಶಾಸ್ತ್ರಗ್ರಂಥದ ಸೂತ್ರವನ್ನು ಬಿಡಿಸುವಂತೆ ಒಂದೊಂದು ಪದವನ್ನೂ ಬಿಡಿಸಿ ನೋಡಬೇಕಾದ ಬರಹವದು.

ಮೊದಲು ವಸ್ತುವಿನ ಪರಿಚಯ. ಹೈಬ್ರಿಡ್ ಕಾರಿಗೆ ಎರಡು ಶಕ್ತಿಮೂಲಗಳು: ಒಂದು ಪೆಟ್ರೋಲ್ ಎಂಜಿನ್, ಇನ್ನೊಂದು ವಿದ್ಯುತ್ ಮೋಟಾರು. ಬ್ರೇಕ್ ಒತ್ತಿದಾಗ ವ್ಯರ್ಥವಾಗಿ ಹೋಗಬೇಕಾದ ಶಕ್ತಿಯನ್ನು ವಿದ್ಯುತ್ತಾಗಿ ಮಾಡಿ ಒಂದು ದೊಡ್ಡ ಬ್ಯಾಟರಿಯಲ್ಲಿ ಕೂಡಿಡಲಾಗುತ್ತದೆ. ಪ್ರಿಯಸ್ ಜಪಾನಿನಲ್ಲಿ 1997ರಲ್ಲಿಯೂ ಅಮೆರಿಕದಲ್ಲಿ 2000ದಲ್ಲಿಯೂ ಮಾರಾಟಕ್ಕೆ ಬಂದಿತು. ನನ್ನ ಅಳಿಯನ ಕಾರಿನಂಥದರಲ್ಲಿ ನಿಕ್ಕಲ್ ಮೆಟಲ್ ಹೈಡ್ರೈಡ್ ಜಾತಿಯ ಬ್ಯಾಟರಿ ಇರುತ್ತದೆ. ಅದರಲ್ಲಿ 28 ಘಟಕಗಳು, ಒಂದೊಂದು 7.2 ವೋಲ್ಟ್, ಒಟ್ಟು 201.6 ವೋಲ್ಟ್. ಇವು ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ಜೋಡಣೆಯಾಗಿರುವುದರಿಂದ ಒಂದು ಘಟಕ ಸೋತರೂ ಇಡೀ ಬ್ಯಾಟರಿ ಸೋತಂತೆಯೇ ದೀಪ ಹತ್ತುತ್ತದೆ. ಇದಲ್ಲದೆ ಎಲ್ಲ ಕಾರುಗಳಲ್ಲಿರುವಂತೆ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಇದರಲ್ಲಿದೆ. ದೊಡ್ಡದರ ಖಾತರಿ ಬೇರೆ, ಚಿಕ್ಕದರ ಖಾತರಿ ಬೇರೆ. "ಬ್ಯಾಟರಿಗೆ ಖಾತರಿ ಇದೆ" ಎಂದು ಯಾರಾದರೂ ಹೇಳಿದರೆ, ಯಾವ ಬ್ಯಾಟರಿಗೆ ಎಂದು ಕೇಳುವುದೇ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ: ಎಷ್ಟು ಕಾಲ? ಒಂದೇ ಕಾರಿಗೆ ಹಲವು ಖಾತರಿಗಳಿರುತ್ತವೆ. ಅಮೆರಿಕದಲ್ಲಿ ಟೊಯೋಟಾ ಕೊಡುವ ಸಾಮಾನ್ಯ ಖಾತರಿ 3 ವರ್ಷ ಅಥವಾ 36,000 ಮೈಲಿ. ಎಂಜಿನ್ ಮೊದಲಾದ ಚಾಲನಾಂಗಗಳಿಗೆ 5 ವರ್ಷ ಅಥವಾ 60,000 ಮೈಲಿ. ಹೈಬ್ರಿಡ್ ಅಂಗಗಳಿಗೆ 8 ವರ್ಷ ಅಥವಾ 1,00,000 ಮೈಲಿ. 2020ರ ಮಾದರಿಯಿಂದ ಮುಂದಕ್ಕೆ ದೊಡ್ಡ ಬ್ಯಾಟರಿಯೊಂದಕ್ಕೆ ಮಾತ್ರ ಇದನ್ನು 10 ವರ್ಷ ಅಥವಾ 1,50,000 ಮೈಲಿಗೆ ಏರಿಸಿದರು. ಈ ಏರಿಕೆ ಹಿಂದಿನ ಮಾದರಿಗಳಿಗೆ ಅನ್ವಯಿಸದು. ಹೊಸ ಕಾರಿನ ಜಾಹೀರಾತನ್ನು ಓದಿ ತನ್ನ ಹಳೆಯ ಕಾರಿಗೂ ಹತ್ತು ವರ್ಷವೆಂದು ಭಾವಿಸುವವರು ಇಲ್ಲಿಯೇ ಎಡವುತ್ತಾರೆ.

"ಅಥವಾ" ಎಂಬ ಸಣ್ಣ ಪದವನ್ನೂ ಗಮನಿಸಿರಿ. ವರ್ಷ ಮತ್ತು ಮೈಲಿ, ಇವೆರಡರಲ್ಲಿ ಯಾವುದು ಮೊದಲು ತೀರುವುದೋ ಅಲ್ಲಿಗೆ ಖಾತರಿ ಮುಗಿಯಿತು. ನನ್ನ ಅಳಿಯನ ಕಾರು 1,18,000 ಮೈಲಿಯನ್ನಷ್ಟೇ ಓಡಿತ್ತು; ಇನ್ನೂ 32,000 ಮೈಲಿ ಬಾಕಿ ಇತ್ತು. ಆದರೂ ಕಾಲ ಮೀರಿದುದರಿಂದ ಆ ಬಾಕಿ ಪ್ರಯೋಜನಕ್ಕೆ ಬರಲಿಲ್ಲ.

ಮೂರನೆಯ ಪ್ರಶ್ನೆ: ಎಂದಿನಿಂದ? ಲೆಕ್ಕ ಆರಂಭವಾಗುವುದು ಮಾದರಿಯ ವರ್ಷದಿಂದಲ್ಲ, ಈಗಿನ ಒಡೆಯ ಕೊಂಡ ದಿನದಿಂದಲೂ ಅಲ್ಲ. ಕಾರು ಮೊಟ್ಟಮೊದಲು ಬಳಕೆಗೆ ಬಂದ ದಿನದಿಂದ. ಮಾರಾಟಗಾರರೇ ಅದನ್ನು ಪ್ರದರ್ಶನದ ಕಾರಾಗಿ ಓಡಿಸಿದ್ದರೆ ಆ ದಿನದಿಂದಲೇ ಲೆಕ್ಕ. ಅಮೆರಿಕದಲ್ಲಿ ಮುಂದಿನ ವರ್ಷದ ಮಾದರಿಯನ್ನು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಮಾರುವುದು ವಾಡಿಕೆ. ಗುರುತಿನ ಸಂಖ್ಯೆಯನ್ನು ಅಧಿಕೃತ ಮಾರಾಟಗಾರರಿಗೆ ಕೊಟ್ಟರೆ ಮೊದಲ ಬಳಕೆಯ ತಾರೀಖನ್ನು ತಿಳಿಸುತ್ತಾರೆ. ಹಣ ಕೊಡುವ ಮೊದಲು ಮಾಡಬೇಕಾದ ಕೆಲಸವಿದು. ಈ ಖಾತರಿ ಕಾರಿನ ಜೊತೆಗೆ ಹೋಗುವಂಥದು. ಒಡೆಯ ಬದಲಾದರೂ ಉಳಿದ ಅವಧಿ ಹೊಸಬನಿಗೆ ಸಲ್ಲುತ್ತದೆ.

ನಾಲ್ಕನೆಯ ಪ್ರಶ್ನೆ: ಎಲ್ಲಿ? 8 ವರ್ಷದ ಖಾತರಿಯುಳ್ಳ 2012ರ ಕಾರಿಗೆ ಕ್ಯಾಲಿಫೋರ್ನಿಯಾದಲ್ಲಿ 10 ವರ್ಷ ಹೇಗೆ ಬಂದಿತೆಂದು ನೀವು ಕೇಳಬಹುದು. ಆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯು ಅತಿ ಕಡಿಮೆ ಹೊಗೆಯುಗುಳುವ ಕಾರುಗಳಿಗಾಗಿ ಒಂದು ವರ್ಗವನ್ನು ಮಾಡಿತು. ಆ ವರ್ಗಕ್ಕೆ ಸೇರಿದ ಕಾರಿನ ಹೊಗೆನಿಯಂತ್ರಣದ ಅಂಗಗಳಿಗೆ ತಯಾರಕರು 15 ವರ್ಷ ಅಥವಾ 1,50,000 ಮೈಲಿ, ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ ಹೊಣೆ ಹೊರಬೇಕು. ಬ್ಯಾಟರಿ ಸೋತರೆ ಎಂಜಿನ್ ಹೆಚ್ಚು ದುಡಿದು ಹೊಗೆ ಹೆಚ್ಚುವುದೆಂಬುದೇ ಇದಕ್ಕೆ ಕಾರಣ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಮೊದಲಾದ ರಾಜ್ಯಗಳು ಕ್ಯಾಲಿಫೋರ್ನಿಯಾದ ನಿಯಮವನ್ನು ಸ್ವೀಕರಿಸಿವೆ. ಬೇರೆ ರಾಜ್ಯಗಳಲ್ಲಿ ಅದೇ ಕಾರಿಗೆ 8 ವರ್ಷವೇ. ಕಾರು ಯಾವ ನಿಯಮದಂತೆ ಪ್ರಮಾಣಿತವಾಗಿದೆ ಎಂಬುದನ್ನು ಎಂಜಿನ್ ಮುಚ್ಚಳದ ಕೆಳಗಿನ ಹೊಗೆನಿಯಂತ್ರಣದ ಚೀಟಿ ಹೇಳುತ್ತದೆ. ಯಾವ ರಾಜ್ಯಗಳಲ್ಲಿ ಸಲ್ಲುವುದೆಂಬುದನ್ನು ಪುಸ್ತಿಕೆ ಹೇಳುತ್ತದೆ. ಎರಡನ್ನೂ ಓದಬೇಕು.

ಐದನೆಯ ಪ್ರಶ್ನೆ: ಯಾವ ದೋಷಕ್ಕೆ? ಖಾತರಿ ಇರುವುದು ವಸ್ತುವಿನ ಅಥವಾ ತಯಾರಿಕೆಯ ದೋಷಕ್ಕೆ. ವಯಸ್ಸಾದಂತೆ ಬ್ಯಾಟರಿಯ ಶಕ್ತಿ ಸ್ವಲ್ಪ ಸ್ವಲ್ಪ ಕುಗ್ಗುವುದನ್ನು ಸಾಮಾನ್ಯವಾಗಿ ದೋಷವೆಂದು ಎಣಿಸುವುದಿಲ್ಲ. ನೆರೆಯಲ್ಲಿ ಮುಳುಗಿದ ಕಾರು, ಅಪಘಾತದಲ್ಲಿ ಪೂರ್ಣ ನಷ್ಟವೆಂದು ವಿಮೆಯವರು ಬರೆದುಹಾಕಿದ ಕಾರು, ಮೈಲಿಯ ಅಂಕಿಯನ್ನು ತಿದ್ದಿದ ಕಾರು, ಇವಕ್ಕೆ ಖಾತರಿ ಇಲ್ಲ. ಹಿಂದಿನ ಆಸನದ ಪಕ್ಕದಲ್ಲಿ ಬ್ಯಾಟರಿಯನ್ನು ತಂಪುಗೊಳಿಸುವ ಗಾಳಿಯ ಕಿಂಡಿಯೊಂದಿದೆ. ಅದರ ಮೇಲೆ ಚೀಲ, ಕಂಬಳಿ ಒಟ್ಟಿದರೆ, ಧೂಳು ತುಂಬಿದರೆ ಬ್ಯಾಟರಿ ಬೆಂದು ಬೇಗ ಸಾಯುತ್ತದೆ. ಆ ಕಿಂಡಿಯನ್ನು ಸ್ವಚ್ಛವಾಗಿಡುವುದು ಒಡೆಯನ ಕರ್ತವ್ಯ.

ಅಂದಮಾತ್ರಕ್ಕೆ ಎಣ್ಣೆ ಬದಲಿಸಲೂ ಕಂಪನಿಯ ಕಾರ್ಯಾಗಾರಕ್ಕೇ ಹೋಗಬೇಕೆಂದಿಲ್ಲ. 1975ರ ಮ್ಯಾಗ್ನುಸನ್-ಮಾಸ್ ಖಾತರಿ ಕಾಯಿದೆಯ ಪ್ರಕಾರ, ಹೊರಗೆ ಸರ್ವಿಸ್ ಮಾಡಿಸಿದ ಒಂದೇ ಕಾರಣಕ್ಕೆ ಅಲ್ಲಿ ಖಾತರಿಯನ್ನು ನಿರಾಕರಿಸುವಂತಿಲ್ಲ. ಆದರೆ ಮಾಡಿಸಿದ್ದಕ್ಕೆ ರಸೀದಿ ಬೇಕು. ಒಂದು ಲಕೋಟೆಯಲ್ಲಿ ಎಲ್ಲ ರಸೀದಿಗಳನ್ನು ಕೂಡಿಡಿರಿ.

ಇನ್ನು "ವಿಸ್ತೃತ ಖಾತರಿ" ಎಂಬ ಮಾತು. ಇದರಲ್ಲಿ ಎರಡು ಬಗೆ. ತಯಾರಕರೇ ತಮ್ಮ ಹೊಣೆಯನ್ನು ಮುಂದುವರಿಸುವುದು ಒಂದು. ಬ್ರಿಟನ್ನಿನಲ್ಲಿ ಟೊಯೋಟಾದವರು, ಅಧಿಕೃತ ಕಾರ್ಯಾಗಾರದಲ್ಲಿ ಹೈಬ್ರಿಡ್ ಅಂಗಗಳ ತಪಾಸಣೆ ಮಾಡಿಸಿ ಕಾರು ತೇರ್ಗಡೆಯಾದರೆ ಬ್ಯಾಟರಿಗೆ ಮುಂದಿನ ಒಂದು ವರ್ಷ ಅಥವಾ 10,000 ಮೈಲಿ ಹೊಣೆ ಕೊಡುತ್ತಾರೆ. ಹೀಗೆ ವರ್ಷವರ್ಷವೂ ನವೀಕರಿಸುತ್ತ ಕಾರಿಗೆ 15 ವರ್ಷವಾಗುವವರೆಗೆ ಹೋಗಬಹುದು. ಇನ್ನೊಂದು, ಹಣ ಪಡೆದು ಮಾರುವ ಸೇವಾ ಒಪ್ಪಂದ. ಅಮೆರಿಕದಲ್ಲಿ ವಿಸ್ತೃತ ಖಾತರಿ ಎಂದು ಮಾರುವುದು ಬಹುಮಟ್ಟಿಗೆ ಇದನ್ನೇ. ಇದನ್ನು ಬೇರೆ ಸಂಸ್ಥೆಗಳೂ ಮಾರುತ್ತವೆ. ಇಂಥ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇಷ್ಟನ್ನು ಕೇಳಿರಿ: ಅಧಿಕ ವೋಲ್ಟಿನ ಬ್ಯಾಟರಿ ಎಂಬ ಹೆಸರು ಒಳಗೊಂಡ ಪಟ್ಟಿಯಲ್ಲಿದೆಯೇ, ಬಿಟ್ಟ ಪಟ್ಟಿಯಲ್ಲಿದೆಯೇ? ಕೊಂಡ ಮೇಲೆ ಎಷ್ಟು ದಿನ ಕಾಯಬೇಕು? ಪ್ರತಿ ದುರಸ್ತಿಗೆ ನಮ್ಮ ಕೈಯಿಂದ ಎಷ್ಟು? ದುರಸ್ತಿಗೆ ಮುನ್ನ ಅವರ ಅಪ್ಪಣೆ ಬೇಕೇ? ಹೊಸ ಬ್ಯಾಟರಿ ಹಾಕುವರೋ, ಹಳೆಯದರ ಘಟಕ ಬದಲಿಸಿ ಕೊಡುವರೋ? ರದ್ದು ಮಾಡಿದರೆ ಹಣ ಎಷ್ಟು ಮರಳುವುದು? ಬಾಯಿಂದ ಬಂದ ಉತ್ತರ ಕಾಗದದಲ್ಲಿ ಇಲ್ಲದಿದ್ದರೆ ಅದು ಉತ್ತರವಲ್ಲ.

ದೂರವಾಣಿಯಲ್ಲಿ ತಾನಾಗಿ ಬಂದು "ನಿಮ್ಮ ಕಾರಿನ ಖಾತರಿ ಮುಗಿಯುತ್ತಿದೆ" ಎನ್ನುವ ಧ್ವನಿಗೆ ಕಿವಿಗೊಡಲೇಬೇಡಿ. ಇಂಥ ಕರೆಗಳ ಒಂದು ಜಾಲವು 2021ರ ಮೂರು ತಿಂಗಳಲ್ಲಿಯೇ 500 ಕೋಟಿಗೂ ಮಿಕ್ಕಿ ಕರೆಗಳನ್ನು ಮಾಡಿತ್ತು. ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2023ರ ಆಗಸ್ಟಿನಲ್ಲಿ ಅದಕ್ಕೆ ಸುಮಾರು 30 ಕೋಟಿ ಡಾಲರ್ ದಂಡ ವಿಧಿಸಿತು.

ಬ್ಯಾಟರಿಯನ್ನು ಖಾತರಿಯಲ್ಲಿ ಬದಲಿಸಿಕೊಟ್ಟರೆ ಹೊಸದಕ್ಕೆ ಮತ್ತೆ ಪೂರ್ಣ ಅವಧಿ ದೊರೆಯುವುದೆಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ, ಮೂಲ ಅವಧಿಯಲ್ಲಿ ಉಳಿದಷ್ಟೇ ಅದಕ್ಕೂ ಸಲ್ಲುತ್ತದೆ. ನಾವೇ ಹಣ ಕೊಟ್ಟು ಕೊಂಡ ಬ್ಯಾಟರಿಗಾದರೆ ಅದರದೇ ಆದ ಬೇರೆ ಖಾತರಿ ಇರುತ್ತದೆ; ಅದರ ಅವಧಿಯನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಬೇಕು.

ನಮ್ಮ ನಾಡಿಗೂ ಈ ಮಾತು ದೂರದ್ದಲ್ಲ. ಬಿಡದಿಯ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಯಿತು. 2022ರಿಂದ ಹೈರೈಡರ್, ಇನ್ನೋವಾ ಹೈಕ್ರಾಸ್ ಕಾರುಗಳು ಅಲ್ಲಿಂದಲೇ ಹೊರಬಂದವು. ಭಾರತದಲ್ಲಿ ಟೊಯೋಟಾದ ಹೈಬ್ರಿಡ್ ಬ್ಯಾಟರಿಗೆ ಮೊದಲು ಇದ್ದುದು 3 ವರ್ಷ ಅಥವಾ 1,00,000 ಕಿಲೋಮೀಟರ್. 2021ರ ಆಗಸ್ಟಿನಿಂದ ಅದು 8 ವರ್ಷ ಅಥವಾ 1,60,000 ಕಿಲೋಮೀಟರ್ ಆಯಿತು. ಆದುದರಿಂದ ಇಲ್ಲಿ ಹಳೆಯ ಹೈಬ್ರಿಡ್ ಕೊಳ್ಳುವವರೂ ಇಂದಿನ ಜಾಹೀರಾತನ್ನು ನಂಬದೆ, ಆ ಕಾರಿನೊಡನೆ ಬಂದ ಪುಸ್ತಿಕೆಯನ್ನೇ ಕೇಳಿ ಪಡೆಯಬೇಕು.

ಕೊನೆಯದಾಗಿ, ನವೆಂಬರದ ಆ ದೀಪದ ಮಾತು. ಅಂದು ಖಾತರಿ ಜೀವಂತವಾಗಿತ್ತು. ಮರುದಿನವೇ ಕಾರ್ಯಾಗಾರಕ್ಕೆ ಒಯ್ದು, ತಾರೀಖಿನ ಸಹಿತ ದೂರನ್ನು ಬರೆಸಿ ಪ್ರತಿ ಪಡೆದಿದ್ದರೆ, ಜನವರಿಯಲ್ಲಿ ಕೇಳಲು ಅವನ ಕೈಯಲ್ಲಿ ಒಂದು ಆಧಾರವಿರುತ್ತಿತ್ತು. ದೀಪ ಆರಿತೆಂದರೆ ರೋಗ ಹೋಯಿತೆಂದಲ್ಲ. ದೂರದೇಶದ ಮಕ್ಕಳು ಮನೆಗೆ ಮಾತಾಡುವಾಗ ಊಟ, ನಿದ್ದೆ, ಆರೋಗ್ಯ ಕೇಳುತ್ತೇವಲ್ಲ, ಅದರ ಜೊತೆಗೆ ಒಮ್ಮೆ, "ಕಾರಿನ ಖಾತರಿ ಯಾವ ತಾರೀಖಿಗೆ ಮುಗಿಯುತ್ತದೆ?" ಎಂದೂ ಕೇಳಿರಿ. ಉತ್ತರ ಗೊತ್ತಿಲ್ಲವೆಂದರೆ ಅಂದೇ ನೋಡಿ ಹೇಳಲು ತಿಳಿಸಿರಿ. ಆ ತಾರೀಖನ್ನು ನಿಮ್ಮ ಮನೆಯ ಗೋಡೆಯ ಪಂಚಾಂಗದಲ್ಲಿಯೂ ಗುರುತು ಮಾಡಿಡಿ.

ಅಳಿಯ ಮರುವರ್ಷ ಊರಿಗೆ ಬಂದ. ತಾಯಿಮಕ್ಕಳು ಕಂಡರು. ಕಳೆದುಹೋದುದು ಒಂದು ವರ್ಷ. ವಯಸ್ಸಾದ ತಂದೆತಾಯಿಗಳ ಪಾಲಿಗೆ ಅದು ಚಿಕ್ಕದಲ್ಲ. ನಿಮ್ಮ ಮನೆಗಳಲ್ಲಿ ಹಾಗಾಗದಿರಲೆಂದು ಇಷ್ಟು ಬರೆದೆ.