ಟೆಲಿವಿಷನ್ನಿನಲ್ಲಿ ದಪ್ಪಗಾದ ಅಜ್ಜ

ನಮ್ಮ ತಂದೆಯವರು ಅಡಕೆಯ ಮರದಂತೆ ಸಪೂರವಾಗಿದ್ದವರು. ಅವರು ತೀರಿಕೊಂಡ ಬಳಿಕ ಹುಟ್ಟಿದ ಮೊಮ್ಮಗಳು ಕಳೆದ ತಿಂಗಳು ನಮ್ಮ ಮನೆಯ 1991ರ ಮದುವೆಯ ವೀಡಿಯೋವನ್ನು ಹೊಸ ಟೆಲಿವಿಷನ್ನಿನಲ್ಲಿ ನೋಡಿ, “ಅಜ್ಜ ಇಷ್ಟು ದಪ್ಪಗಿದ್ದರೇ?” ಎಂದು ಕೇಳಿದಳು. ನೋಡಿದರೆ ಹೌದು. ಚಪ್ಪರದ ಬಾಗಿಲಲ್ಲಿ ನೆಂಟರನ್ನು ಎದುರುಗೊಳ್ಳುತ್ತಿದ್ದವರು ಕುಳ್ಳಗೆ, ಹೊಟ್ಟೆ ಬೆಳೆದ ಬೇರೊಬ್ಬ ಗೃಹಸ್ಥರು! ವಧೂವರರೂ ಪುರೋಹಿತರೂ ಅದೇ ಪ್ರಮಾಣದಲ್ಲಿ ಹಿಗ್ಗಿದ್ದರು. ಅಜ್ಜನನ್ನು ಕಣ್ಣಾರೆ ಕಾಣದ ಆ ಮಗುವಿಗೆ ಉಳಿದಿರುವ ಅವರ ಚಲಿಸುವ ರೂಪ ಇದೊಂದೇ. ಅದು ಸುಳ್ಳಾಗಿ ಉಳಿಯಬಾರದೆಂದು ಈ ಸಲದ ಅಂಕಣವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ವಾಚಕರಲ್ಲಿ ಅನೇಕರ ಮನೆಗಳಲ್ಲಿಯೂ ಇಂತಹ ಕ್ಯಾಸೆಟ್ಟುಗಳೂ ಡಿಸ್ಕುಗಳೂ ಇರಲೇಬೇಕಷ್ಟೆ.

ಹಳೆಯ ಟೆಲಿವಿಷನ್ನಿನ ತೆರೆ ನಾಲ್ಕು ಪಾಲು ಅಗಲಕ್ಕೆ ಮೂರು ಪಾಲು ಎತ್ತರವಿದ್ದುದು. ಈ ಆಕಾರ ಬಂದುದು ಆರಂಭಕಾಲದ ಸಿನಿಮಾ ಫಿಲ್ಮಿನಿಂದ. ಈಗಿನ ತೆರೆಯಾದರೋ ಹದಿನಾರಕ್ಕೆ ಒಂಬತ್ತು. ಒಂದು ಚಿತ್ರ ತೆರೆಯ ಮೇಲೆ ಯಾವ ಆಕಾರದಲ್ಲಿ ಕಾಣಬೇಕೋ ಅದು ಅದರ ಪ್ರದರ್ಶನ ಪ್ರಮಾಣ. ಇಷ್ಟು ಎಲ್ಲರಿಗೂ ಸುಲಭವಾಗಿ ತಿಳಿಯುವಂಥದು. ತೊಡಕಿರುವುದು ಇನ್ನೊಂದು ಪ್ರಮಾಣದಲ್ಲಿ.

ಡಿಜಿಟಲ್ ಚಿತ್ರವೆಂದರೆ ಪಿಕ್ಸೆಲ್ ಎಂಬ ಬಿಂದುಗಳ ರಂಗೋಲಿ. ಪ್ರತಿಯೊಂದು ಬಿಂದುವೂ ಚೌಕವೆಂದು ನಾವು ಭಾವಿಸುತ್ತೇವೆ. ಹಾಗೇನೂ ಇಲ್ಲ. ನಮ್ಮ ದೇಶದಲ್ಲಿದ್ದ ಪಾಲ್ ಪದ್ಧತಿಯಲ್ಲಿ ಚಿತ್ರಕ್ಕೆ 625 ಗೆರೆಗಳು. ಅವುಗಳಲ್ಲಿ ಡಿಜಿಟಲ್ ಲೆಕ್ಕಕ್ಕೆ ಬರುವವು 576. ಕ್ಯಾಸೆಟ್ಟಿನಲ್ಲಿ ಬಿಂದುವೆಂಬುದೇ ಇರಲಿಲ್ಲ, ಗೆರೆಯುದ್ದಕ್ಕೂ ಏರಿಳಿಯುವ ಒಂದು ಅಲೆಯಿತ್ತು. ಆ ಗೆರೆಯನ್ನು ಎಷ್ಟು ತುಂಡುಗಳಾಗಿ ಎಣಿಸಬೇಕೆಂಬುದನ್ನು 1982ರ ಅಂತರರಾಷ್ಟ್ರೀಯ ಶಿಫಾರಸು ಗೊತ್ತುಮಾಡಿತು. 625 ಗೆರೆಯ ನಮ್ಮಂಥ ದೇಶಗಳಿಗೂ 525 ಗೆರೆಯ ಅಮೆರಿಕ, ಜಪಾನುಗಳಿಗೂ ಒಂದೇ ಅಳತೆ ಹೊಂದಲೆಂದು ಗೆರೆಯೊಂದಕ್ಕೆ 720 ಬಿಂದುಗಳೆಂದು ನಿಶ್ಚಯಿಸಿದರು. ಅದೊಂದು ರಾಜಿ. ಚೌಕಬಿಂದುಗಳಿಂದಲೇ ನಾಲ್ಕು-ಮೂರರ ಚಿತ್ರ ತುಂಬಬೇಕಿದ್ದರೆ 576 ಗೆರೆಗಳಿಗೆ 768 ಬಿಂದುಗಳು ಬೇಕು. ಇರುವುದು 720. ಆದಕಾರಣ ಒಂದೊಂದು ಬಿಂದುವೂ ಎತ್ತರಕ್ಕಿಂತ ನೂರಕ್ಕೆ ಸುಮಾರು ಏಳರಷ್ಟು ಅಗಲವಾಗಿ ಹರಡಿಕೊಳ್ಳಬೇಕು. ಅಂಚಿನ ಕೆಲವು ಬಿಂದುಗಳನ್ನು ಬಿಟ್ಟು ಎಣಿಸುವ ತಜ್ಞರು ಇದನ್ನು ಒಂಬತ್ತೆನ್ನುವರು; ಆ ವಾದ ನಮಗೆ ಬೇಡ. ಬಿಂದುವಿನ ಈ ಅಗಲ-ಎತ್ತರಗಳ ಸಂಬಂಧವೇ ಪಿಕ್ಸೆಲ್ ಪ್ರಮಾಣ.

ಸೋಜಿಗವೆಂದರೆ, ಡಿವಿಡಿಯಲ್ಲಿ ಅದೇ 720 ಮತ್ತು 576 ಬಿಂದುಗಳು ಅಗಲ ತೆರೆಯ ಚಿತ್ರವನ್ನೂ ಹೊರುತ್ತವೆ. ಆಗ ಬಿಂದು ಎತ್ತರದ 1.42 ಪಾಲು ಅಗಲವಾಗಬೇಕು. ಬಿಂದುಗಳನ್ನು ಎಣಿಸಿ ಚಿತ್ರದ ಆಕಾರವನ್ನು ತಿಳಿಯಲಾಗದು. ಡಿಸ್ಕಿನಲ್ಲಿ ಬೇರೆಯಾಗಿ ಬರೆದಿಟ್ಟ ಒಂದು ಪುಟ್ಟ ಸೂಚನೆ ಮಾತ್ರ ಅದನ್ನು ಹೇಳಬಲ್ಲುದು.

ಹಿರಿಯ ವಾಚಕರಿಗೆ ಸಿನಿಮಾಸ್ಕೋಪ್ ನೆನಪಿದ್ದೀತು. 1953ರ ‘ದಿ ರೋಬ್’ ಚಿತ್ರದಲ್ಲಿ ಕ್ಯಾಮೆರಾದ ಮಸೂರವು ದೃಶ್ಯವನ್ನು ಅಡ್ಡಡ್ಡವಾಗಿ ಅರ್ಧಕ್ಕೆ ಹಿಂಡಿ ಫಿಲ್ಮಿಗೆ ಇಳಿಸಿತು. ಚಿತ್ರಮಂದಿರದ ಮಸೂರ ಅದನ್ನು ಮತ್ತೆ ಬಿಡಿಸಿತು. 1959ರಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ ಬಂದುದೂ ಹೀಗೆಯೇ. ಬಿಡಿಸುವ ಮಸೂರ ಮರೆತರೆ ತೆರೆಯ ತುಂಬ ಒನಕೆಯಂತಹ ಮನುಷ್ಯರು! ಆ ಮಸೂರದ ಕೆಲಸವನ್ನು ಡಿಸ್ಕಿನಲ್ಲಿ ಈ ಸೂಚನೆ ಮಾಡುತ್ತದೆ.

ಅದು ಕಳೆದುಹೋದಾಗ ಅಥವಾ ಟೆಲಿವಿಷನ್ ಅದನ್ನು ಲಕ್ಷಿಸದಿದ್ದಾಗ ಅನರ್ಥಗಳು ಶುರುವಾಗುತ್ತವೆ. ನಮ್ಮಲ್ಲಿ ಆದುದು ಎರಡನೆಯದು. ತೆರೆ ತುಂಬಲೆಂದು ಟೆಲಿವಿಷನ್ ನಾಲ್ಕು-ಮೂರರ ಚಿತ್ರವನ್ನು ಅಡ್ಡಕ್ಕೆ ಜಗ್ಗಿತ್ತು. ತಂದೆಯವರು ಮೂರನೆಯ ಒಂದು ಪಾಲು ಅಗಲವಾದರು. ರಿಮೋಟಿನಲ್ಲಿ ಚಿತ್ರದ ಆಕಾರವನ್ನು 4:3 ಮಾಡಿದೊಡನೆ ಅವರು ಮೊದಲಿನಂತಾದರು. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿಗಳು ಬಂದವು, ಒಂದೊಂದೂ ತೆರೆಯ ಎಂಟನೆಯ ಒಂದು ಪಾಲು. ಮನೆಯವರಿಗೆ ಅದು ಕೊರತೆಯಂತೆ ಕಂಡಿತು. ವಾಸ್ತವದಲ್ಲಿ ಅಲ್ಲಿ ಚಿತ್ರವೆಂದೂ ಇರಲಿಲ್ಲ.

ಕಂಪ್ಯೂಟರಿನಲ್ಲಿ ಇನ್ನೂ ನವಿರಾದ ತಪ್ಪೊಂದು ಆಗುವುದುಂಟು. ಸೂಚನೆಯಿಲ್ಲದ ಕಡತದ ಬಿಂದುಗಳನ್ನು ಚೌಕವೆಂದೇ ತೋರಿಸಿದರೆ ಮುಖಗಳು ನೂರಕ್ಕೆ ಆರರಷ್ಟು ಸೊರಗುತ್ತವೆ. ಕಣ್ಣು ಅದನ್ನು ಹಿಡಿಯದು. “ಏನೋ ಸರಿಯಿಲ್ಲ” ಎನ್ನಿಸುವುದು ಮಾತ್ರ. ಪರೀಕ್ಷೆ ಮಾಡಬೇಕಾದರೆ ಚಿತ್ರದಲ್ಲಿ ನೇರ ಎದುರಿಗೆ ಕಾಣುವ ವೃತ್ತವೊಂದನ್ನು ಹುಡುಕಿರಿ: ಗೋಡೆಯ ಗಡಿಯಾರ, ಪಕ್ಕದಿಂದ ಕಾಣುವ ಕಾರಿನ ಚಕ್ರ. ಆರತಿಯ ತಟ್ಟೆ ಓರೆಯಾಗಿರುವುದರಿಂದ ನಂಬತಕ್ಕದ್ದಲ್ಲ. ತೆರೆಯ ಮೇಲೆ ದಾರವಿಟ್ಟು ಅಡ್ಡಕ್ಕೂ ಉದ್ದಕ್ಕೂ ಅಳೆದರೆ ಸಾಕು. ನಮ್ಮ ಜಗಲಿಯ ಗಡಿಯಾರ ದಪ್ಪಗಾದ ಚಿತ್ರದಲ್ಲಿ ಎಂಟು ಅಂಗುಲ ಅಗಲ, ಆರು ಅಂಗುಲ ಎತ್ತರವಿತ್ತು.

ಈಚಿನ ವೀಡಿಯೋಗಳಲ್ಲಿ ಈ ತಂಟೆ ಕಡಿಮೆ. 1920 ಮತ್ತು 1080ರ ಚಿತ್ರಕ್ಕೆ ಬಿಂದುಗಳು ಚೌಕವೇ. 2000ದ ದಶಕದ ಎಚ್‌ಡಿವಿ ಕ್ಯಾಮೆರಾಗಳು ಮಾತ್ರ ಗೆರೆಗೆ 1440 ಬಿಂದುಗಳನ್ನು ಬರೆದು ಮೂರನೆಯ ಒಂದು ಪಾಲು ಹಿಗ್ಗಿಸಿ ತೋರಿಸುತ್ತಿದ್ದವು.

ಸೂಚನೆ ತಪ್ಪಿದ್ದರೆ ತಿದ್ದಬಹುದು. ಚಿತ್ರಕ್ಕೆ ಕಿಂಚಿತ್ತೂ ಲೋಪವಿಲ್ಲ. ಜಗ್ಗಿದ ರೂಪದಲ್ಲಿಯೇ ಮತ್ತೆ ಪ್ರತಿಮಾಡಿದ್ದರೂ ಸ್ವಲ್ಪ ಮಸುಕಾದೀತು, ಹಿಂದಕ್ಕೆ ತರಬಹುದು. ಮೇಲೆ ಕೆಳಗೆ ಕತ್ತರಿಸಿ ಅಗಲ ಮಾಡಿದುದಕ್ಕೆ ಮಾತ್ರ ಮದ್ದಿಲ್ಲ, ಚಿತ್ರದ ಕಾಲುಭಾಗ ಹೋದಂತೆಯೇ. ಆದುದರಿಂದ ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸಲು ಕೊಡುವಾಗ “4:3 ಇದ್ದಂತೆಯೇ ಇರಲಿ, ಕತ್ತರಿಸಬೇಡಿ” ಎಂದು ಚೀಟಿಯಲ್ಲಿ ಬರೆದುಕೊಡುವುದು ಲೇಸು. ಮೂಲ ಕ್ಯಾಸೆಟ್ಟನ್ನು ತಪ್ಪದೆ ಹಿಂದಕ್ಕೆ ತರಬೇಕು.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ತಮ್ಮನ ಮಗನ ಉಪನಯನದ ಕ್ಯಾಸೆಟ್ಟನ್ನು ಹೀಗೆ ಇಳಿಸಲು ಕೊಟ್ಟಿದ್ದೆವು. ಡಿಸ್ಕು ಬಂದಿತು, ತೆರೆ ತುಂಬ ಚಿತ್ರವೂ ಬಂದಿತು. ಹಳೆಯ ಕ್ಯಾಸೆಟ್ಟು ಇನ್ನೇತಕ್ಕೆಂದು ಅಲ್ಲಿಯೇ ಬಿಟ್ಟೆವು. ಅದರಲ್ಲಿ ವಟುವಿಗೆ ಅಕ್ಷತೆ ಹಾಕಲು ತಂದೆಯವರು ಎದ್ದು ನಿಲ್ಲುವ ಒಂದು ಗಳಿಗೆಯಿದೆ. ಈಗ ಅಲ್ಲಿ ಕಾಣುವುದು ಅವರ ಕೊರಳಿನಿಂದ ಕೆಳಗೆ.